ಇಳಿಯುವ ವಿದ್ಯೆ

ಗದ್ದೆಯ ಬದುವಿನ ಮೇಲೆ ಬಂದಿಳಿಯುವ ಕೊಕ್ಕರೆಯನ್ನು ಕಾಣದವರು ವಿರಳ. ದೂರದಿಂದ ನೆಟ್ಟನೆ ಸಾಗಿಬಂದ ಆ ಹಕ್ಕಿ, ನೆಲ ಹತ್ತಿರವಾಗುತ್ತಲೇ ರೆಕ್ಕೆಗಳನ್ನು ಅಗಲವಾಗಿ ಹರಡಿ, ಅವುಗಳನ್ನು ಬಟ್ಟಲಿನಂತೆ ಬಾಗಿಸಿ, ಬಾಲವನ್ನು ಬಿಚ್ಚಿ, ಕಾಲುಗಳನ್ನು ಮುಂದಕ್ಕೆ ಚಾಚುತ್ತದೆ. ಅದರ ವೇಗ ಒಮ್ಮೆಗೇ ಕುಗ್ಗುತ್ತದೆ. ಆದರೂ ಅದು ಬೀಳುವುದಿಲ್ಲ. ಹಾರುವುದಕ್ಕಿಂತ ಇಳಿಯುವುದೇ ಕಠಿಣವಾದ ವಿದ್ಯೆ ಎಂಬುದು ಹಕ್ಕಿಗೆ ಹುಟ್ಟಿನಿಂದಲೇ ತಿಳಿದಿರುವಂತೆ ತೋರುತ್ತದೆ. ಮನುಷ್ಯನಾದರೋ ಈ ವಿದ್ಯೆಯನ್ನು ಲೆಕ್ಕ ಹಾಕಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿಯಬೇಕಾಯಿತು. ದೊಡ್ಡ ವಿಮಾನಗಳಲ್ಲಿ ಕಲಿತ ಆ ಪಾಠವನ್ನು ಕೈಯಳತೆಯ ಮಾದರಿ ವಿಮಾನಗಳಲ್ಲಿ ಮತ್ತೊಮ್ಮೆ ಕಲಿಯುವವರ ಕಥೆ ಕುತೂಹಲಕರವಾದುದು.

ವಿಮಾನವನ್ನು ಆಕಾಶದಲ್ಲಿ ನಿಲ್ಲಿಸುವುದು ಅದರ ರೆಕ್ಕೆಯ ಮೇಲೆ ಹರಿಯುವ ಗಾಳಿ. ಗಾಳಿ ವೇಗವಾಗಿ ಹರಿದಷ್ಟೂ ರೆಕ್ಕೆಗೆ ಒದಗುವ ಎತ್ತುಬಲ ಹೆಚ್ಚುತ್ತದೆ. ಇಲ್ಲಿ ಒಂದು ನಿಯಮವುಂಟು. ವೇಗ ಅರ್ಧವಾದರೆ ಎತ್ತುಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ನಿಧಾನವಾಗಿ ಬಂದು ನೆಲ ಮುಟ್ಟಬೇಕೆನ್ನುವ ವಿಮಾನಕ್ಕೆ ದೊಡ್ಡ ಸಂಕಟ ಎದುರಾಗುತ್ತದೆ. ವೇಗವನ್ನು ಉಳಿಸಿಕೊಂಡರೆ ನೆಲದ ಮೇಲೆ ಬಹುದೂರ ಓಡಿ ಬೇಲಿಗೆ ಬಡಿಯಬೇಕು. ವೇಗವನ್ನು ಬಿಟ್ಟರೆ ಆಕಾಶದಿಂದಲೇ ಕುಸಿಯಬೇಕು. ಮೂಗನ್ನು ಮೇಲಕ್ಕೆತ್ತಿದರೆ ಸ್ವಲ್ಪ ಮಟ್ಟಿಗೆ ಎತ್ತುಬಲ ಹೆಚ್ಚುವುದು ನಿಜ. ಆದರೆ ಅದಕ್ಕೂ ಒಂದು ಮಿತಿಯಿದೆ. ಆ ಮಿತಿ ಮೀರಿದರೆ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದುರುತ್ತದೆ. ಎತ್ತುಬಲ ಥಟ್ಟನೆ ಕುಗ್ಗುತ್ತದೆ. ವಿಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ.

ಈ ಸಂಕಟಕ್ಕೆ ಕಂಡುಕೊಂಡ ಪರಿಹಾರವೇ ಫ್ಲ್ಯಾಪ್. ರೆಕ್ಕೆಯ ಹಿಂದಂಚಿನಲ್ಲಿ, ಒಡಲಿಗೆ ಸಮೀಪವಾಗಿ, ಕೀಲುಗಳ ಮೇಲೆ ಕುಳಿತ ಒಂದು ಹಲಗೆ ಅದು. ಅದನ್ನು ಕೆಳಕ್ಕೆ ಬಾಗಿಸಿದಾಗ ರೆಕ್ಕೆಯ ಡೊಂಕು ಹೆಚ್ಚುತ್ತದೆ. ಕೊಕ್ಕರೆಯ ರೆಕ್ಕೆ ಬಟ್ಟಲಾದಂತೆಯೇ ವಿಮಾನದ ರೆಕ್ಕೆಯೂ ಆಗುತ್ತದೆ. ಮೊದಲಿಗಿಂತ ಕಡಿಮೆ ವೇಗದಲ್ಲಿ ಅದು ಅಷ್ಟೇ ಭಾರವನ್ನು ಹೊರಬಲ್ಲುದಾಗುತ್ತದೆ. ಇನ್ನೂ ಹೆಚ್ಚು ಬಾಗಿಸಿದರೆ ಎತ್ತುಬಲಕ್ಕಿಂತಲೂ ಗಾಳಿಯ ತಡೆಯೇ ಮುಖ್ಯವಾಗಿ ಬೆಳೆಯುತ್ತದೆ. ಆಗ ವಿಮಾನವು ವೇಗ ಹೆಚ್ಚಿಸಿಕೊಳ್ಳದೆ ಕಡಿದಾದ ಇಳಿಜಾರಿನಲ್ಲಿ ಬಂದು ಚಿಕ್ಕ ಬಯಲಿನಲ್ಲಿಯೂ ನಿಲ್ಲಬಲ್ಲದು. ಪ್ರಯಾಣಿಕರ ವಿಮಾನದಲ್ಲಿ ಕಿಟಕಿಯ ಪಕ್ಕ ಕುಳಿತವರು, ನಿಲ್ದಾಣ ಸಮೀಪಿಸಿದಾಗ ರೆಕ್ಕೆಯ ಹಿಂಭಾಗವು ಹಂತಹಂತವಾಗಿ ಹೊರಚಾಚಿ ಬಾಗುವುದನ್ನು ಕಾಣಬಹುದು.

ಮಾದರಿ ವಿಮಾನವು ಆಟಿಕೆಯೆಂದು ತಿಳಿದವರು ಅನೇಕರು. ಆದರೆ ಗಾಳಿಗೆ ಆಟಿಕೆ ಮತ್ತು ನಿಜವೆಂಬ ಭೇದವಿಲ್ಲ. ಹಗುರವಾದ ಬಾಲ್ಸಾ ಮರದಲ್ಲಿ ಕೆತ್ತಿ, ತೆಳುವಾದ ಹಾಳೆ ಹೊದಿಸಿ ಮಾಡಿದ ಒಂದೂವರೆ ಮೀಟರು ರೆಕ್ಕೆಯ ಮಾದರಿಗೂ ಎತ್ತುಬಲ ಬೇಕು; ಅದಕ್ಕೂ ಸ್ಟಾಲಿನ ಭಯವುಂಟು. ಒಂದು ವ್ಯತ್ಯಾಸವೆಂದರೆ, ಅದನ್ನು ನಡೆಸುವವನು ಅದರೊಳಗೆ ಕುಳಿತಿಲ್ಲ. ಅವನು ಬಯಲಿನ ಅಂಚಿನಲ್ಲಿ ಎರಡು ಕಾಲುಗಳ ಮೇಲೆ ನಿಂತಿದ್ದಾನೆ. ವಿಮಾನದ ಅಲುಗಾಟ ಅವನ ಮೈಗೆ ತಿಳಿಯದು. ವೇಗವನ್ನು ತೋರಿಸುವ ಮುಳ್ಳು ಅವನ ಮುಂದಿಲ್ಲ. ಕಣ್ಣಿಗೆ ಕಂಡದ್ದಷ್ಟೇ ಅವನಿಗೆ ಆಧಾರ. ಕೈಬೆರಳುಗಳಷ್ಟೇ ಅವನಿಗೆ ಸಾಧನ.

ದೂರದಿಂದ ಯಂತ್ರವನ್ನು ನಡೆಸುವ ಕನಸು ಹೊಸದೇನಲ್ಲ. 1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರೇಡಿಯೋ ಅಲೆಗಳಿಂದ ಚಲಿಸುವ ಒಂದು ಪುಟ್ಟ ದೋಣಿಯನ್ನು ಜನರ ಮುಂದೆ ನಡೆಸಿ ತೋರಿಸಿದನು. ಆಕಾಶದಲ್ಲಿ ಈ ಕೆಲಸ ಕೈಗೂಡಲು ಇನ್ನೂ ನಾಲ್ಕು ದಶಕಗಳು ಹಿಡಿದವು. ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬುವರು 1937ರಲ್ಲಿ ರೇಡಿಯೋ ನಿಯಂತ್ರಣದ ಮಾದರಿ ವಿಮಾನವೊಂದನ್ನು ಯಶಸ್ವಿಯಾಗಿ ಹಾರಿಸಿದರು. 'ಗಫ್' ಎಂಬ ಹೆಸರಿನ ಆ ವಿಮಾನವು ಮುಂದೆ ಸ್ಮಿತ್‌ಸೋನಿಯನ್ ಸಂಸ್ಥೆಯ ವೈಮಾನಿಕ ಸಂಗ್ರಹಾಲಯವನ್ನು ಸೇರಿತು. ಆ ಬಗೆಯ ಮೊದಲ ಯಂತ್ರಗಳಲ್ಲಿ ನಿಯಂತ್ರಣವೆಂಬುದು ಬಹಳ ಒರಟು. ಗುಂಡಿಯನ್ನು ಒತ್ತಿದರೆ ಬಾಲದ ಚುಕ್ಕಾಣಿ ಒಂದು ಬದಿಗೆ ಪೂರ್ತಿಯಾಗಿ ತಿರುಗುವುದು. ಬಿಟ್ಟರೆ ನಡುವಿಗೆ ಬರುವುದು. ಸ್ವಲ್ಪ ತಿರುಗು ಎಂದು ಹೇಳುವ ಉಪಾಯವೇ ಇರಲಿಲ್ಲ. 1960ರ ದಶಕದಲ್ಲಿ ಕಡ್ಡಿಯನ್ನು ಎಷ್ಟು ಸರಿಸಿದರೆ ಅಷ್ಟೇ ಪ್ರಮಾಣದಲ್ಲಿ ವಿಮಾನದ ಹಲಗೆಗಳು ಚಲಿಸುವ ಪದ್ಧತಿ ಬಳಕೆಗೆ ಬಂದಿತು. ಆಗ ಮಾದರಿ ವಿಮಾನವು ನಿಜವಾದ ಅರ್ಥದಲ್ಲಿ ಮನುಷ್ಯನ ಕೈಗೆ ಒಳಗಾಯಿತು.

ಆ ಪದ್ಧತಿಯ ಒಳಗುಟ್ಟು ಸರಳವಾದುದು. ಕೈಯಲ್ಲಿರುವ ಪೆಟ್ಟಿಗೆ ಟ್ರಾನ್ಸ್‌ಮಿಟರ್; ವಿಮಾನದೊಳಗೆ ಇರುವುದು ರಿಸೀವರ್. ರಿಸೀವರಿಗೆ ಸರ್ವೋ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಯಂತ್ರಗಳನ್ನು ಜೋಡಿಸಿರುತ್ತಾರೆ. ಪ್ರತಿಯೊಂದು ಸರ್ವೋವಿಗೂ ಸಾಮಾನ್ಯವಾಗಿ ಸೆಕೆಂಡಿಗೆ 50 ಬಾರಿ ಒಂದು ವಿದ್ಯುತ್ ಮಿಡಿತ ಹೋಗುತ್ತದೆ. ಆ ಮಿಡಿತದ ಉದ್ದವೇ ಆಜ್ಞೆ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಪಾಲಿನಷ್ಟು ಉದ್ದವಿದ್ದರೆ ಸರ್ವೋವಿನ ತೋಳು ನಡುವೆ ನಿಲ್ಲುತ್ತದೆ. ಒಂದು ಪಾಲಿಗೆ ಇಳಿದರೆ ಒಂದು ಕಡೆಗೆ, ಎರಡು ಪಾಲಿಗೆ ಏರಿದರೆ ಇನ್ನೊಂದು ಕಡೆಗೆ ಸರಿಯುತ್ತದೆ. ಸರ್ವೋವಿನ ಒಳಗಿರುವ ಮೋಟಾರು, ಹಲ್ಲುಗಾಲಿಗಳು ಮತ್ತು ತೋಳಿನ ಸ್ಥಾನವನ್ನು ಅಳೆಯುವ ಸಾಧನ, ಇವು ಮೂರೂ ಕೂಡಿ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತವೆ.

ಇಷ್ಟಾದರೂ ಫ್ಲ್ಯಾಪಿನ ವಿಷಯದಲ್ಲಿ ಒಂದು ತೊಡಕು ಉಳಿದೇ ಇತ್ತು. ಫ್ಲ್ಯಾಪನ್ನು ಇಳಿಸಿದೊಡನೆ ಬದಲಾಗುವುದು ಎತ್ತುಬಲವೊಂದೇ ಅಲ್ಲ. ವಿಮಾನದ ಸಮತೋಲವೂ ಕದಲುತ್ತದೆ. ರೆಕ್ಕೆಯು ಒಡಲಿನ ಮೇಲಿರುವ ಮಾದರಿಗಳಲ್ಲಿ ಸಾಮಾನ್ಯವಾಗಿ ಮೂಗು ಮೇಲಕ್ಕೇಳುತ್ತದೆ. ಬೇರೆ ಕೆಲವುಗಳಲ್ಲಿ ಕೆಳಗೆ ಬಾಗುತ್ತದೆ. ಇಳಿಯಲೆಂದು ಫ್ಲ್ಯಾಪ್ ಹಾಕಿದವನ ವಿಮಾನ ಗಾಳಿಪಟದಂತೆ ಮೇಲಕ್ಕೆ ಜಿಗಿದು, ವೇಗ ಕಳೆದುಕೊಂಡು, ಸ್ಟಾಲಿಗೆ ಸಿಕ್ಕಿ ನೆಲಕ್ಕಪ್ಪಳಿಸಬಹುದು. ಇದನ್ನು ತಡೆಯಲು ಬಾಲದಲ್ಲಿರುವ ಎಲಿವೇಟರನ್ನು ಅದೇ ಕ್ಷಣದಲ್ಲಿ, ತಕ್ಕಷ್ಟೇ ಪ್ರಮಾಣದಲ್ಲಿ ಸರಿಸಬೇಕು. ಅದೇ ಹೊತ್ತಿಗೆ ಎಂಜಿನ್ನಿನ ವೇಗವನ್ನು ಕುಗ್ಗಿಸಬೇಕು. ಅಡ್ಡಗಾಳಿಗೆ ರೆಕ್ಕೆಯನ್ನು ಸಮವಾಗಿ ಹಿಡಿಯಬೇಕು. ಮೂಗನ್ನು ಓಡುದಾರಿಯ ನೇರಕ್ಕೆ ಇಡಬೇಕು. ಇರುವುದು ಎರಡೇ ಕೈ, ಕೆಲಸಗಳೋ ನಾಲ್ಕಾರು.

ಗಣಕಯಂತ್ರವು ಟ್ರಾನ್ಸ್‌ಮಿಟರಿನೊಳಗೆ ಪ್ರವೇಶಿಸಿದುದು ಈ ಸಂದರ್ಭದಲ್ಲಿ. 1980ರ ದಶಕದಿಂದೀಚೆಗೆ ಸಣ್ಣ ಸಂಸ್ಕಾರಕವೊಂದನ್ನು ಅಳವಡಿಸಿದ ಪೆಟ್ಟಿಗೆಗಳು ಹವ್ಯಾಸಿಗಳ ಕೈಗೆ ಬಂದವು. ಹಿಂದೆ ಒಂದು ಕಡ್ಡಿಗೂ ಒಂದು ಸರ್ವೋವಿಗೂ ನೇರವಾದ ನಂಟಿತ್ತು. ಈಗ ಅವೆರಡರ ನಡುವೆ ಲೆಕ್ಕ ಮಾಡುವ ಗುಮಾಸ್ತನೊಬ್ಬ ಬಂದು ಕುಳಿತಂತಾಯಿತು. ಕಡ್ಡಿಗಳೂ ಗುಂಡಿಗಳೂ ಹೇಳುವ ಮಾತನ್ನೆಲ್ಲ ಅವನು ಅಂಕಿಗಳಾಗಿ ಬರೆದುಕೊಳ್ಳುತ್ತಾನೆ. ಕೂಡಿಸಿ ಕಳೆದು ಬಂದ ಮೊತ್ತವನ್ನು ಸರ್ವೋವಿಗೆ ಕಳುಹಿಸುತ್ತಾನೆ. ಒಂದು ಆಜ್ಞೆಯನ್ನು ಇನ್ನೊಂದರೊಡನೆ ಹೀಗೆ ಕೂಡಿಸುವುದಕ್ಕೆ ಮಿಶ್ರಣವೆಂದು ಹೆಸರು. ಉದಾಹರಣೆಗೆ, ಎಲಿವೇಟರಿನ ಕಡ್ಡಿಯು ಮೂಗನ್ನು ಮೇಲಕ್ಕೆತ್ತಲು 20 ಎಂದು ಕೇಳಿದೆ ಎನ್ನೋಣ. ಫ್ಲ್ಯಾಪ್ ಪೂರ್ತಿ ಇಳಿದಾಗ 6ರಷ್ಟು ಕೆಳಕ್ಕೆ ಒತ್ತಬೇಕೆಂದು ಮೊದಲೇ ಬರೆದಿಡಲಾಗಿದೆ. ಆಗ ಸರ್ವೋವಿಗೆ ತಲಪುವ ಆಜ್ಞೆ 14. ಕೈ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಮೂಗಿನ ಏರಿಕೆಯನ್ನು ತಡೆಯುವ ಹೊಣೆ ಮಾತ್ರ ಲೆಕ್ಕಕ್ಕೆ ಸೇರಿದೆ.

ಆದರೆ ಈ ಗುಮಾಸ್ತನಿಗೆ ಸ್ವಂತ ಬುದ್ಧಿಯಿಲ್ಲ. ಏನನ್ನು, ಯಾವಾಗ, ಎಷ್ಟು ಮಾಡಬೇಕೆಂಬುದನ್ನು ಹಾರಿಸುವವನೇ ಮೊದಲು ಯೋಚಿಸಿ ಹೇಳಿಕೊಡಬೇಕು. ಈ ಕೆಲಸ ನಡೆಯುವುದು ಬಯಲಿನಲ್ಲಿ ಅಲ್ಲ, ಮನೆಯ ಮೇಜಿನ ಮೇಲೆ.

ಮೊದಲನೆಯದಾಗಿ, ವಿಮಾನಕ್ಕೆ ಒಂದು ಹೆಸರನ್ನು ಕೊಟ್ಟು ಪೆಟ್ಟಿಗೆಯ ನೆನಪಿನಲ್ಲಿ ಅದಕ್ಕೊಂದು ಸ್ಥಾನವನ್ನು ಮೀಸಲಿಡಬೇಕು. ಒಂದೇ ಪೆಟ್ಟಿಗೆಯಿಂದ ಹಲವು ವಿಮಾನಗಳನ್ನು ಹಾರಿಸುವವರುಂಟು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಅನಾಹುತ ತಪ್ಪದು. ಆಮೇಲೆ ಸರ್ವೋಗಳ ಕೆಲಸ. ಎರಡು ರೆಕ್ಕೆಗಳಲ್ಲಿ ಎರಡು ಫ್ಲ್ಯಾಪ್ ಸರ್ವೋಗಳನ್ನು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂಡಿಸಿದ್ದರೆ, ಒಂದೇ ಆಜ್ಞೆಗೆ ಒಂದು ಫ್ಲ್ಯಾಪ್ ಇಳಿದು ಇನ್ನೊಂದು ಏರುತ್ತದೆ. ಆಗ ಒಂದರ ದಿಕ್ಕನ್ನು ತಿರುಗಿಸುವಂತೆ ಗಣಕಕ್ಕೆ ಹೇಳಬೇಕು. ಆಕಾಶದಲ್ಲಿ ಹೀಗಾದರೆ ವಿಮಾನ ಕ್ಷಣಮಾತ್ರದಲ್ಲಿ ಮಗುಚಿಬೀಳುತ್ತದೆ.

ಅನಂತರ ಕೊನೆಯ ಮಿತಿಗಳನ್ನು ಗೊತ್ತುಮಾಡಬೇಕು. ಸರ್ವೋವಿನ ತೋಳು ಎಷ್ಟು ದೂರ ಹೋಗಬಹುದು ಎಂಬುದನ್ನು ಎರಡೂ ಕಡೆಗೆ ಅಂಕಿಗಳಲ್ಲಿ ನಿಗದಿಪಡಿಸದಿದ್ದರೆ, ಹಲಗೆ ರೆಕ್ಕೆಗೆ ತಾಗಿ ನಿಂತ ಮೇಲೂ ಮೋಟಾರು ತಳ್ಳುತ್ತಲೇ ಇರುತ್ತದೆ. ಬ್ಯಾಟರಿ ಬರಿದಾಗುತ್ತದೆ, ಸರ್ವೋ ಸುಡುತ್ತದೆ. ಅನುಭವಿಗಳು ಇಲ್ಲಿ ಒಂದು ಬುದ್ಧಿಮಾತನ್ನು ಹೇಳುತ್ತಾರೆ. ಸಾಧ್ಯವಾದ ಮಟ್ಟಿಗೆ ಕಡ್ಡಿ, ತೋಳು, ಕೀಲುಗಳನ್ನೇ ಮೊದಲು ಸರಿಯಾಗಿ ಜೋಡಿಸಬೇಕು. ಉಳಿದ ಕೂದಲೆಳೆಯ ವ್ಯತ್ಯಾಸವನ್ನು ಮಾತ್ರ ಗಣಕಕ್ಕೆ ಬಿಡಬೇಕು. ಡೊಂಕು ಗೋಡೆಯನ್ನು ಗಾರೆಯಿಂದ ಮುಚ್ಚುವುದು ಒಳ್ಳೆಯ ಕೆಲಸಗಾರನ ಲಕ್ಷಣವಲ್ಲ.

ಫ್ಲ್ಯಾಪಿಗೆ ಮೂರು ಸ್ಥಾನಗಳ ಒಂದು ಗುಂಡಿಯನ್ನು ಮೀಸಲಿಡುವುದು ವಾಡಿಕೆ. ಮೇಲಿನ ಸ್ಥಾನದಲ್ಲಿ ಫ್ಲ್ಯಾಪ್ ರೆಕ್ಕೆಯೊಡನೆ ಸಮವಾಗಿರುತ್ತದೆ. ನಡುವಿನ ಸ್ಥಾನದಲ್ಲಿ ಸುಮಾರು 15 ರಿಂದ 20 ಡಿಗ್ರಿಗಳಷ್ಟು ಇಳಿಯುತ್ತದೆ; ಇದು ನೆಲ ಬಿಟ್ಟು ಏರುವಾಗ ನೆರವಾಗುತ್ತದೆ. ಕೆಳಗಿನ ಸ್ಥಾನದಲ್ಲಿ 40 ಡಿಗ್ರಿಗಳ ಆಸುಪಾಸಿಗೆ ಬಾಗುತ್ತದೆ; ಇದು ಇಳಿಯುವುದಕ್ಕೆ. ಒಂದು ಸ್ಥಾನದಿಂದ ಇನ್ನೊಂದಕ್ಕೆ ಹಲಗೆ ಥಟ್ಟನೆ ಹೋಗದೆ, ಎರಡು ಮೂರು ಸೆಕೆಂಡುಗಳ ಕಾಲ ಮೆಲ್ಲಮೆಲ್ಲನೆ ಚಲಿಸುವಂತೆಯೂ ಹೇಳಿಡಬಹುದು. ಎಲಿವೇಟರಿನ ತಿದ್ದುಪಡಿಯೂ ಅದೇ ನಿಧಾನದಲ್ಲಿ ಜೊತೆಗೂಡಿ ನಡೆಯಬೇಕು; ಒಂದು ಮುಂದಾಗಿ ಇನ್ನೊಂದು ಹಿಂದುಳಿದರೆ ಪ್ರಯೋಜನವಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹೆಜ್ಜೆ ಕೂಡಬೇಕಲ್ಲವೆ?

ತಿದ್ದುಪಡಿಯ ಪ್ರಮಾಣವೆಷ್ಟು? ಇದನ್ನು ಯಾವ ಪುಸ್ತಕವೂ ನಿಖರವಾಗಿ ಹೇಳಲಾರದು. ವಿಮಾನದ ಆಕಾರ, ಭಾರ, ಗುರುತ್ವಕೇಂದ್ರ ಇವುಗಳಿಗೆ ತಕ್ಕಂತೆ ಅದು ಬೇರೆಬೇರೆಯಾಗುತ್ತದೆ. ಅರ್ಧ ಫ್ಲ್ಯಾಪಿಗೆ ಬೇಕಾದ ತಿದ್ದುಪಡಿಯು ಪೂರ್ಣ ಫ್ಲ್ಯಾಪಿನ ಸರಿಯಾಗಿ ಅರ್ಧವೇ ಆಗಿರಬೇಕೆಂದೂ ಇಲ್ಲ. ಎತ್ತುಬಲದ ಹೆಚ್ಚಳ ಮೊದಲ ಅರ್ಧದಲ್ಲಿಯೇ ಹೆಚ್ಚಾಗಿ ಒದಗುವುದರಿಂದ ಮೂಗಿನ ಏರಿಕೆಯೂ ಅಲ್ಲಿಯೇ ಹೆಚ್ಚಾಗಿ ಕಾಣಿಸಬಹುದು. ಆದ್ದರಿಂದ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಅಂಕಿಯನ್ನು ಬರೆಯಲು ಗಣಕದಲ್ಲಿ ಅವಕಾಶವುಂಟು. ಆ ಅಂಕಿಯನ್ನು ಆಕಾಶವೇ ಹೇಳಬೇಕು.

ಆಕಾಶವನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಬಯಲಿಗೆ ಬಂದವನು ಮೊದಲು ಪೆಟ್ಟಿಗೆಯ ಮೇಲೆ ತನ್ನ ವಿಮಾನದ ಹೆಸರೇ ಕಾಣುತ್ತಿದೆಯೇ ಎಂದು ನೋಡುತ್ತಾನೆ. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ಸರಿಸುತ್ತಾನೆ. ರೆಕ್ಕೆಯ ತುದಿಯಲ್ಲಿರುವ ಬಲಗಡೆಯ ಏಲೆರಾನ್ ಮೇಲೇರಬೇಕು, ಎಡಗಡೆಯದು ಕೆಳಗಿಳಿಯಬೇಕು. ಇಷ್ಟು ಸಣ್ಣ ಪರೀಕ್ಷೆಯನ್ನು ಮರೆತು, ತಿರುಗುಮುರುಗಾಗಿದ್ದ ಏಲೆರಾನಿನಿಂದ ತಿಂಗಳುಗಟ್ಟಲೆ ಕಟ್ಟಿದ ವಿಮಾನವನ್ನು ಮೊದಲ ಹಾರಾಟದಲ್ಲಿಯೇ ಕಳೆದುಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬಳಿಕ ಫ್ಲ್ಯಾಪನ್ನು ಇಳಿಸಿ, ಎರಡೂ ಬದಿಗಳು ಒಂದೇ ಮಟ್ಟಕ್ಕೆ ಬಂದವೇ ಎಂದು ಬಗ್ಗಿ ನೋಡುತ್ತಾನೆ. ರೇಡಿಯೋ ಸಂಪರ್ಕ ತಪ್ಪಿದರೆ ಎಂಜಿನ್ ತಾನಾಗಿ ನಿಲ್ಲುವಂತೆ ಏರ್ಪಡಿಸಿದ್ದಾನೆಯೇ ಎಂಬುದನ್ನೂ ಪರೀಕ್ಷಿಸುತ್ತಾನೆ. ಏಕೆಂದರೆ ಬಯಲಿನಲ್ಲಿ ಅವನೊಬ್ಬನೇ ಇಲ್ಲ. ನೋಡಲು ಬಂದ ಮಕ್ಕಳಿದ್ದಾರೆ, ದಾರಿಹೋಕರಿದ್ದಾರೆ. ಮೂರು ಕಿಲೋಗ್ರಾಂ ತೂಕದ ವಸ್ತು ವೇಗವಾಗಿ ಬಂದು ಬಡಿದರೆ ಅದನ್ನು ಆಟಿಕೆಯೆಂದು ಯಾರೂ ಕರೆಯಲಾರರು.

ಮೊದಲ ಪರೀಕ್ಷೆಯನ್ನು ನೆಲದ ಹತ್ತಿರ ಮಾಡಬಾರದು. ಹಳೆಯ ಹವ್ಯಾಸಿಗಳಲ್ಲಿ ಒಂದು ಮಾತುಂಟು: ಮೂರು ತಪ್ಪುಗಳಷ್ಟು ಎತ್ತರದಲ್ಲಿ ಹಾರಬೇಕು. ಒಂದಲ್ಲ, ಎರಡಲ್ಲ, ಮೂರು ತಪ್ಪುಗಳು ಒಂದರ ಮೇಲೊಂದು ನಡೆದರೂ ಸರಿಪಡಿಸಿಕೊಳ್ಳಲು ಕೆಳಗೆ ಜಾಗವಿರಬೇಕು ಎಂಬುದು ಅದರ ಅರ್ಥ. ಆ ಎತ್ತರದಲ್ಲಿ ವೇಗವನ್ನು ಕುಗ್ಗಿಸಿ ಅರ್ಧ ಫ್ಲ್ಯಾಪನ್ನು ಇಳಿಸುತ್ತಾನೆ. ಮೂಗು ಏರಿತೆ? ಎಷ್ಟು ಏರಿತು? ಕಡ್ಡಿಯನ್ನು ಎಷ್ಟು ಒತ್ತಿ ಹಿಡಿದಾಗ ವಿಮಾನ ಸಮವಾಯಿತು? ಇವನ್ನು ಗಮನಿಸಿ, ಫ್ಲ್ಯಾಪನ್ನು ಮೇಲೆತ್ತಿ, ಸಾವಧಾನವಾಗಿ ಇಳಿದುಬಂದು, ಅಂಕಿಯನ್ನು ಎರಡೋ ಮೂರೋ ಹೆಚ್ಚಿಸಿ ಮತ್ತೆ ಹಾರುತ್ತಾನೆ. ಹೀಗೆ ನಾಲ್ಕಾರು ಬಾರಿ ನಡೆದ ಮೇಲೆ, ಒಂದು ಹಾರಾಟದಲ್ಲಿ ಗುಂಡಿಯನ್ನು ಸರಿಸಿದರೂ ಮೂಗು ಕದಲುವುದಿಲ್ಲ. ವಿಮಾನ ವೇಗವನ್ನು ಮಾತ್ರ ಕಳೆದುಕೊಂಡು, ಆಕಾಶದಲ್ಲಿ ತುಸು ತಡೆದು ನಿಂತಂತೆ ಕಾಣುತ್ತದೆ. ನೋಡುವವರಿಗೆ ಅದರಲ್ಲಿ ವಿಶೇಷವೇನೂ ತೋರದು; ಮಾಡಿದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಇನ್ನೊಂದು ಎಚ್ಚರವೂ ಬೇಕು. ಇಳಿಯಲು ಬಂದ ವಿಮಾನಕ್ಕೆ ಓಡುದಾರಿಯಲ್ಲಿ ಅಡ್ಡಿ ಕಂಡರೆ ಮತ್ತೆ ಮೇಲೇರಬೇಕಾಗುತ್ತದೆ. ಆಗ ಗಾಬರಿಯಿಂದ ಫ್ಲ್ಯಾಪನ್ನು ಒಮ್ಮೆಗೇ ಎತ್ತಿಬಿಟ್ಟರೆ ರೆಕ್ಕೆಯು ತನ್ನ ಹೆಚ್ಚಿನ ಎತ್ತುಬಲವನ್ನು ಕಳೆದುಕೊಳ್ಳುತ್ತದೆ. ವಿಮಾನ ಏರುವ ಬದಲು ನೆಲಕ್ಕೆ ಕುಸಿಯುತ್ತದೆ. ಮೊದಲು ಎಂಜಿನ್ನಿಗೆ ಬಲ ಕೊಟ್ಟು, ವೇಗ ಬಂದ ಮೇಲೆ ಹಂತಹಂತವಾಗಿ ಫ್ಲ್ಯಾಪನ್ನು ಎತ್ತಬೇಕು. ಈ ವಿವೇಕವನ್ನು ಗಣಕಕ್ಕೆ ಕಲಿಸುವುದು ಕಷ್ಟ; ಓಡುದಾರಿಗೆ ಮಗುವೊಂದು ಓಡಿಬಂದಿತೆಂಬುದು ಅದಕ್ಕೆ ಕಾಣುವುದಿಲ್ಲ. ಕಾಣಬೇಕಾದವನು ಮನುಷ್ಯ.

ಇಷ್ಟನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದರೆ ಹಾರಿಸುವವನ ಕುಶಲತೆಗೆ ಬೆಲೆಯೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆರಳಿನ ಚಳಕದಿಂದಲೇ ಮೂಗನ್ನು ಹಿಡಿದು ಇಳಿಸುತ್ತಿದ್ದ ಹಳಬರ ಕೈಯಲ್ಲಿ ಒಂದು ಕಲೆಯಿತ್ತು. ಯಂತ್ರವನ್ನೇ ನಂಬಿದವನಿಗೆ ಆ ಕಲೆ ಒಲಿಯದೆ ಹೋಗಬಹುದು. ಅಂಕಿಯೊಂದು ಅಳಿಸಿಹೋದ ದಿನ ಅವನು ಕಂಗಾಲಾಗಬಹುದು. ಆದುದರಿಂದಲೇ ತಿದ್ದುಪಡಿಯ ನೆರವಿಲ್ಲದೆಯೂ ಒಮ್ಮೆ ಇಳಿಸಿ ನೋಡಿರಬೇಕೆಂದು ಬಲ್ಲವರು ಹೇಳುತ್ತಾರೆ. ಆದರೆ ಈ ಮಾತಿಗೆ ಇನ್ನೊಂದು ಮುಖವೂ ಉಂಟು. ಗಣಕವು ಯೋಚಿಸುವುದಿಲ್ಲ, ಯೋಚಿಸಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಸರಿಯಾದ ಯೋಚನೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತದೆಯೋ ತಪ್ಪು ಯೋಚನೆಯನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ಹಾಗಾಗಿ ಕುಶಲತೆ ಕಳೆದುಹೋಗಲಿಲ್ಲ. ಅದರ ಒಂದು ಪಾಲು ಬಯಲಿನಿಂದ ಮೇಜಿಗೆ, ಆ ಕ್ಷಣದ ಚುರುಕಿನಿಂದ ಹಿಂದಿನ ದಿನದ ಮುಂದಾಲೋಚನೆಗೆ ವರ್ಗವಾಯಿತು.

ಮುಂದಾಲೋಚನೆಯಿಂದ ಏನು ಸಾಧ್ಯ ಎಂಬುದಕ್ಕೆ ಮೇನಾರ್ಡ್ ಹಿಲ್ ಎಂಬ ಅಮೆರಿಕದ ಹವ್ಯಾಸಿಯ ಸಾಹಸ ಸಾಕ್ಷಿಯಾಗಿದೆ. ಮುಪ್ಪಿನಲ್ಲಿ ಅವರ ಕಣ್ಣು ಬಹುಮಟ್ಟಿಗೆ ಮಂಜಾಗಿತ್ತು, ಕಿವಿಯೂ ಮಂದವಾಗಿತ್ತು. ಆದರೂ ಬೆರಳುಗಳ ಸ್ಪರ್ಶವನ್ನೇ ಬಹುವಾಗಿ ನಂಬಿ, ಗೆಳೆಯರ ನೆರವಿನಿಂದ, ಐದು ಕಿಲೋಗ್ರಾಂ ತೂಕವನ್ನು ಮೀರದ ಮಾದರಿ ವಿಮಾನಗಳನ್ನು ಅವರು ನಿರ್ಮಿಸಿದರು. ಅವುಗಳಲ್ಲಿ ಕೆಲವು ಸಮುದ್ರಪಾಲಾದವು. ಕೊನೆಗೆ 2003ರ ಆಗಸ್ಟ್ ತಿಂಗಳಿನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಹೊರಟ ಒಂದು ವಿಮಾನವು ಅಟ್ಲಾಂಟಿಕ್ ಸಾಗರವನ್ನು ದಾಟಿ, 38 ಗಂಟೆಗಳಿಗೂ ಮಿಕ್ಕಿ ಹಾರಿ, ಐರ್ಲೆಂಡಿನ ತೀರದಲ್ಲಿ ಇಳಿಯಿತು. ಸಾಗರದ ಮೇಲೆ ದಾರಿ ಹಿಡಿದು ನಡೆಸಿದ್ದು ಅದರೊಳಗಿನ ಪುಟ್ಟ ಗಣಕ. ಆದರೆ ತೀರದಲ್ಲಿ ಕಾದುನಿಂತು, ರೇಡಿಯೋ ಪೆಟ್ಟಿಗೆಯನ್ನು ಹಿಡಿದು, ಅದನ್ನು ನೆಲಕ್ಕೆ ತಂದದ್ದು ಮನುಷ್ಯನ ಕೈ. ಮೂರು ಸಾವಿರ ಕಿಲೋಮೀಟರುಗಳಷ್ಟು ದೂರ ಯಂತ್ರವನ್ನು ನಂಬಿದವರು ಕೊನೆಯ ಕೆಲವು ಮೀಟರುಗಳನ್ನು ತಮ್ಮ ಹೊಣೆಯಾಗಿ ಉಳಿಸಿಕೊಂಡಿದ್ದರು.

ಭಾರತದಲ್ಲಿಯೂ ಈ ವಿದ್ಯೆಗೆ ನೆಲೆಯಿದೆ. ಎನ್.ಸಿ.ಸಿ.ಯ ವಾಯುದಳದ ವಿಭಾಗದಲ್ಲಿ ಸೇರಿದ ವಿದ್ಯಾರ್ಥಿಗಳು ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವುದನ್ನು ಕಲಿಯುತ್ತಾರೆ. ಕತ್ತರಿಸಿದ ಮರದ ಚೂರುಗಳನ್ನು ಅಂಟಿಸುವಾಗ, ಕೀಲು ಬಿಗಿಯಾಯಿತೆ ಎಂದು ಬೆರಳಿಟ್ಟು ನೋಡುವಾಗ, ಅಂಕಿಯೊಂದನ್ನು ಬರೆದು ಮತ್ತೆ ಅಳಿಸಿ ಬರೆಯುವಾಗ ಅವರಿಗೆ ದೊರೆಯುವ ಶಿಕ್ಷಣ ವಿಮಾನಕ್ಕಷ್ಟೇ ಸೀಮಿತವಾದುದಲ್ಲ. ಬರಲಿರುವ ಕಷ್ಟವನ್ನು ಅದು ಬರುವ ಮೊದಲೇ ಊಹಿಸುವುದು, ತನ್ನ ಊಹೆಯನ್ನು ಸುರಕ್ಷಿತವಾದ ಎತ್ತರದಲ್ಲಿ ಪರೀಕ್ಷಿಸುವುದು, ತಪ್ಪು ಕಂಡಲ್ಲಿ ನಾಚದೆ ತಿದ್ದುವುದು, ತನ್ನ ಸಂತೋಷಕ್ಕಾಗಿ ಇತರರ ಪ್ರಾಣವನ್ನು ಅಪಾಯಕ್ಕೆ ಒಡ್ಡದಿರುವುದು, ಇವು ಆ ಶಿಕ್ಷಣದ ಸಾರ. ಏರುವುದಕ್ಕೆ ಬಲವೊಂದಿದ್ದರೆ ಸಾಕಾದೀತು. ಹೋದದ್ದನ್ನು ಹೋದಂತೆಯೇ, ಮುರಿಯದೆ, ಯಾರನ್ನೂ ನೋಯಿಸದೆ ನೆಲಕ್ಕೆ ಮರಳಿ ತರುವುದಕ್ಕೆ ಬಲದ ಜೊತೆಗೆ ತಾಳ್ಮೆಯೂ ಲೆಕ್ಕವೂ ಬೇಕು.